ತಾನಾಗಿಯೇ ರೀಸ್ಟಾರ್ಟ್ ಆಗುವ ಪ್ಯಾನೆಲ್ ಪಿಸಿ: ದೋಷ ಹುಡುಕುವುದು, ಬಿಚ್ಚುವುದು, ಮತ್ತೆ ಕೂರಿಸುವುದು

ಕೃಷ್ಣಾ ತೀರದ ಒಂದು ಸಕ್ಕರೆ ಕಾರ್ಖಾನೆ. ಕಬ್ಬು ನುರಿಸುವ ಹಂಗಾಮು ಅರ್ಧ ದಾಟಿತ್ತು. ಬುಟ್ಟಿಯನ್ನು ಗಿರಗಿರನೆ ತಿರುಗಿಸಿ ಸಕ್ಕರೆ ಹರಳನ್ನು ಪಾಕದಿಂದ ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರಗಳ ವಿಭಾಗದಲ್ಲಿ, ವಿದ್ಯುತ್ ಪ್ಯಾನೆಲ್ ಬಾಗಿಲಲ್ಲಿ ಕೂರಿಸಿದ್ದ 15 ಇಂಚಿನ ಪ್ಯಾನೆಲ್ ಪಿಸಿ (ಟಚ್ ಪರದೆ ಮತ್ತು ಕಂಪ್ಯೂಟರ್ ಒಂದೇ ಪೆಟ್ಟಿಗೆಯಲ್ಲಿರುವ ಸಾಧನ) ಪ್ರತಿ ಪಾಳಿಯಲ್ಲೂ ಎರಡು ಮೂರು ಸಲ ಇದ್ದಕ್ಕಿದ್ದಂತೆ ಕಪ್ಪಾಗಿ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಎಸ್‌ಎಸ್‌ಡಿ (ಡಿಸ್ಕ್) ಬದಲಾಗಿತ್ತು, ವಿಂಡೋಸ್ ಹೊಸದಾಗಿ ಹಾಕಿದ್ದಾಗಿತ್ತು, ಕೊನೆಗೆ ಇಡೀ ಪಿಸಿಯನ್ನೇ ಬದಲಿಸಿದ್ದರು. ಹೊಸ ಪಿಸಿ ಎರಡನೇ ದಿನಕ್ಕೇ ಹಳೆಯದರ ದಾರಿ ಹಿಡಿಯಿತು.

ಇಷ್ಟೆಲ್ಲ ನಡೆದರೂ ಒಂದು ಕೆಲಸವನ್ನು ಮಾತ್ರ ಯಾರೂ ಮಾಡಿರಲಿಲ್ಲ. ಯಂತ್ರ ಓಡುತ್ತಿರುವಾಗ ಪಿಸಿಯ ಟರ್ಮಿನಲ್‌ನಲ್ಲೇ 24 ವೋಲ್ಟ್ ಎಷ್ಟಿದೆ ಎಂದು ನೋಡಿರಲಿಲ್ಲ. ಆ 24 ವೋಲ್ಟ್ ಕೊಡುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಬಳಿ ಅಳೆದಿದ್ದರು, ಅಲ್ಲಿ 24.1 ವೋಲ್ಟ್ ಇತ್ತು, ಸಪ್ಲೈ ಸರಿಯಿದೆ ಎಂದು ಬರೆದು ಮುಂದೆ ಹೋಗಿದ್ದರು. ಪ್ಯಾನೆಲ್ ಪಿಸಿ ರಿಪೇರಿಗೆ ಬಂದವರಿಗೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಅದೇ: ಎಲ್ಲಿ ಅಳೆದಿರಿ, ಯಾವಾಗ ಅಳೆದಿರಿ?

ಬಾಗಿಲು ತೆಗೆಯುವ ಮುನ್ನ

ಪರದೆ ಕಪ್ಪಾಗಿದೆ ಎಂದರೆ ಯಂತ್ರ ನಿಂತಿದೆ ಎಂದಲ್ಲ. ಯಂತ್ರವನ್ನು ನಡೆಸುವುದು ಪಿಎಲ್‌ಸಿ ಎಂಬ ನಿಯಂತ್ರಕ. ಪಿಸಿ ಬರೀ ಕಿಟಕಿ. ಕಿಟಕಿ ಮುಚ್ಚಿಕೊಂಡರೂ ಒಳಗೆ ಬುಟ್ಟಿ ನಿಮಿಷಕ್ಕೆ ಸಾವಿರ ಸುತ್ತಿಗೂ ಮೀರಿ ತಿರುಗುತ್ತಲೇ ಇರಬಹುದು. ಆದ್ದರಿಂದ ಪಿಸಿಯನ್ನು ಮುಟ್ಟುವ ಮೊದಲು ಆಪರೇಟರ್ ಜೊತೆ ಕೂತು, ಪಿಸಿಯೊಂದಿಗಿನ ಸಂಪರ್ಕ ತಪ್ಪಿದರೆ ಪಿಎಲ್‌ಸಿ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ. ಸೈಕಲ್ ಮುಗಿಸಿ ನಿಲ್ಲುತ್ತದೆಯೋ, ಹಾಗೆಯೇ ಮುಂದುವರಿಯುತ್ತದೆಯೋ? ತುರ್ತು ನಿಲುಗಡೆಯ ಕೆಂಪು ಬಟನ್ ವೈರಿನ ಮೂಲಕವೇ ನೇರವಾಗಿ ಸೇಫ್ಟಿ ಸರ್ಕ್ಯೂಟಿಗೆ ಹೋಗಿರಬೇಕು. ಪರದೆಯ ಮೇಲಿನ ಟಚ್ ಬಟನ್ ಎಷ್ಟೇ ದೊಡ್ಡದಾಗಿ, ಎಷ್ಟೇ ಕೆಂಪಾಗಿ ಇದ್ದರೂ ಅದನ್ನು ತುರ್ತು ನಿಲುಗಡೆ ಎಂದು ನಂಬಬಾರದು. ಎಲ್ಲಾದರೂ ಹಾಗಿದ್ದರೆ ಪಿಸಿಯ ರಿಪೇರಿಗಿಂತ ಮೊದಲು ಅದನ್ನು ಸರಿಪಡಿಸಿ.

ಪಿಸಿಗೆ ಬರುವುದು 24 ವೋಲ್ಟ್ ಡಿಸಿ, ಅದರಿಂದ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಅದೇ ಬಾಗಿಲ ಹಿಂದೆ ಒಂದು ಗೇಣು ದೂರದಲ್ಲಿ 415 ವೋಲ್ಟಿನ ಬಸ್‌ಬಾರ್ (ಕರೆಂಟ್ ಹಂಚುವ ಲೋಹದ ಪಟ್ಟಿ) ಇರುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಇದ್ದರೆ ಅದರ ಒಳಗಿನ ಡಿಸಿ ಬಸ್ ಸುಮಾರು 580 ವೋಲ್ಟ್‌ನಲ್ಲಿರುತ್ತದೆ. ಮೇನ್ ಆಫ್ ಮಾಡಿದ ಮೇಲೂ ಅದರ ಕೆಪಾಸಿಟರ್‌ಗಳು ಹಲವು ನಿಮಿಷ ಚಾರ್ಜ್ ಹಿಡಿದುಕೊಂಡಿರುತ್ತವೆ. ಎಷ್ಟು ಹೊತ್ತು ಕಾಯಬೇಕು ಎಂದು ಡ್ರೈವಿನ ಮೈಮೇಲೆಯೇ ಬರೆದಿರುತ್ತದೆ. ಅಷ್ಟು ಕಾದು, ಆಮೇಲೂ ಅಳೆದೇ ಕೈ ಹಾಕಿ.

ಮೇನ್ ಐಸೊಲೇಟರ್ ಆಫ್ ಮಾಡಿ, ನಿಮ್ಮದೇ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಬೋರ್ಡು ತೂಗುಹಾಕಿದರೆ ಸಾಲದು, ಪಾಳಿ ಬದಲಾಗುವಾಗ ಬೋರ್ಡು ಓದದೆ ಸ್ವಿಚ್ ಎತ್ತುವವರಿದ್ದಾರೆ. ನಂತರ ಮಲ್ಟಿಮೀಟರನ್ನು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಒಮ್ಮೆ ಇಟ್ಟು ಅದು ತೋರಿಸುತ್ತದೆಯೇ ನೋಡಿ, ಆಮೇಲೆ ನಮ್ಮ ಪ್ಯಾನೆಲ್‌ನಲ್ಲಿ ಅಳೆಯಿರಿ, ಮತ್ತೆ ಮೊದಲಿನ ಜಾಗಕ್ಕೆ ಹೋಗಿ ಮೀಟರ್ ಇನ್ನೂ ಕೆಲಸ ಮಾಡುತ್ತಿದೆಯೇ ಪರೀಕ್ಷಿಸಿ. ಸೊನ್ನೆ ತೋರಿಸುವ ಮೀಟರ್ ಕೆಟ್ಟು ಸೊನ್ನೆ ತೋರಿಸುತ್ತಿಲ್ಲ ಎಂಬ ಖಾತ್ರಿ ಬೇರೆ ಯಾವ ರೀತಿಯಲ್ಲೂ ಸಿಗುವುದಿಲ್ಲ. ನಿಯಾನ್ ಟೆಸ್ಟರ್ ಈ ಕೆಲಸಕ್ಕೆ ಆಗದು. ಮೀಟರ್ ಕ್ಯಾಟ್-3 (ಮೀಟರಿನ ಮೇಲೆ ಬರೆದಿರುವ ಸುರಕ್ಷತಾ ವರ್ಗ), 600 ವೋಲ್ಟ್ ದರ್ಜೆಯದ್ದಾಗಿರಲಿ. ಡ್ರೈವಿನ ಡಿಸಿ ಬಸ್ ಅಳೆಯಬೇಕಿದ್ದರೆ 1000 ವೋಲ್ಟ್ ದರ್ಜೆಯದ್ದು ಬೇಕು.

ಎರಡು ಕಡೆ ಜನ ಮೋಸಹೋಗುತ್ತಾರೆ. ಒಂದು, ಪ್ಯಾನೆಲ್ ಒಳಗಿನ ಲೈಟು ಮತ್ತು ಸಾಕೆಟ್. ಇವಕ್ಕೆ ಮೇನ್ ಸ್ವಿಚ್ಚಿಗಿಂತ ಮೊದಲೇ ತಂತಿ ತೆಗೆದಿರುವುದುಂಟು, ಮೇನ್ ಆಫ್ ಆದರೂ ಅಲ್ಲಿ 230 ವೋಲ್ಟ್ ಇರುತ್ತದೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಮಾನದಂಡವಾದ ಐಇಸಿ 60204-1 ಇಂಥ ತಂತಿಗಳಿಗೆ ಕಿತ್ತಳೆ ಬಣ್ಣ ಸೂಚಿಸುತ್ತದೆ. ಆ ಬಣ್ಣ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ, ಆದರೆ ಬಣ್ಣ ಇಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಇನ್ನೊಂದು ಯುಪಿಎಸ್ ಅಥವಾ 24 ವೋಲ್ಟಿನ ಬಫರ್ ಮಾಡ್ಯೂಲ್. ಅದಿದ್ದರೆ ಮೇನ್ ಹೋದರೂ ಪಿಸಿಗೆ ಸಪ್ಲೈ ಇದ್ದೇ ಇರುತ್ತದೆ.

ಮೊದಲು ಲಾಗ್, ಆಮೇಲೆ ಸ್ಕ್ರೂಡ್ರೈವರ್

ಪಿಸಿ ಆನ್ ಆಗುತ್ತಿದ್ದರೆ ಅದರ ಬಾಯಿಂದಲೇ ಕೇಳುವುದು ಮೇಲು. ವಿಂಡೋಸ್ ಇದ್ದಲ್ಲಿ ಇವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್ 41 ಮತ್ತು 6008 ಎಂಬ ಸಂಖ್ಯೆಯ ದಾಖಲೆಗಳನ್ನು ಹುಡುಕಿ. 41ರ ವಿವರದಲ್ಲಿ ಬಗ್‌ಚೆಕ್ ಕೋಡ್ (ವಿಂಡೋಸ್ ಕುಸಿದ ಕಾರಣದ ಸಂಖ್ಯೆ) ಸೊನ್ನೆ ಇದ್ದರೆ, ವಿಂಡೋಸ್ ತಾನಾಗಿ ಕುಸಿದು ನೀಲಿ ಪರದೆ ತೋರಿಸಿದ್ದಲ್ಲ. ಕಾಲ ಕೆಳಗಿನ ನೆಲವೇ ಹೋಗಿದೆ. ಸಾಮಾನ್ಯವಾಗಿ ಅದು ಸಪ್ಲೈ, ಕೆಲವೊಮ್ಮೆ ವಿಪರೀತ ಬಿಸಿ. ಸೊನ್ನೆಯಲ್ಲದ ಸಂಖ್ಯೆ ಇದ್ದರೆ ಡ್ರೈವರ್, ರ‍್ಯಾಮ್, ಡಿಸ್ಕ್ ಕಡೆ ನೋಡಬೇಕು. ಈ ಒಂದು ಸಂಖ್ಯೆ ನೋಡಿದ್ದರೆ ಆ ಕಾರ್ಖಾನೆ ಒಂದು ಎಸ್‌ಎಸ್‌ಡಿಯನ್ನೂ ಒಂದು ಪಿಸಿಯನ್ನೂ ಉಳಿಸಿಕೊಳ್ಳುತ್ತಿತ್ತು.

ರೀಸ್ಟಾರ್ಟ್ ಆದ ಹೊತ್ತುಗಳನ್ನೆಲ್ಲ ಒಂದು ಹಾಳೆಗೆ ಬರೆದುಕೊಂಡು, ಪಿಎಲ್‌ಸಿಯ ಅಲಾರಂ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಎರಡರ ಗಡಿಯಾರವೂ ಒಂದೇ ಹೊತ್ತು ತೋರಿಸುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ನಮ್ಮ ಪ್ರಕರಣದಲ್ಲಿ ಇದರಿಂದಲೇ ಸುಳಿವು ಸಿಕ್ಕಿತು. ಪಿಸಿ ಸತ್ತ ಪ್ರತಿ ಸಲವೂ ಪಕ್ಕಪಕ್ಕದ ಎರಡು ಸೆಂಟ್ರಿಫ್ಯೂಗಲ್‌ಗಳ ವಾಲ್ವ್‌ಗಳು ಒಟ್ಟಿಗೆ ತೆರೆದಿದ್ದವು. ಒಂದರ ಸೈಕಲ್ ಇನ್ನೊಂದಕ್ಕಿಂತ ಸ್ವಲ್ಪ ಉದ್ದ. ಆದ್ದರಿಂದ ಎರಡೂ ಕೂಡಿ ಬರುವುದು ಪಾಳಿಗೆ ಎರಡು ಮೂರು ಸಲ ಮಾತ್ರ.

ಎಲ್ಲಿ ಅಳೆಯಬೇಕು, ಹೇಗೆ ಅಳೆಯಬೇಕು

ಓಡುತ್ತಿರುವ ಯಂತ್ರದ ಪ್ಯಾನೆಲ್ ಬಾಗಿಲು ತೆಗೆದು, ಪ್ರೋಬ್ ಹಿಡಿದು ನಿಲ್ಲುವುದು ಬೇಡ. ಯಂತ್ರ ನಿಂತಾಗ, ಬೀಗ ಹಾಕಿದಾಗ, ಪಿಸಿಯ ಸಪ್ಲೈ ಟರ್ಮಿನಲ್‌ನಿಂದ ಫ್ಯೂಸ್ ಇರುವ ಎರಡು ಟೆಸ್ಟ್ ತಂತಿಗಳನ್ನು ಖಾಲಿ ಗ್ಲಾಂಡ್ (ಪ್ಯಾನೆಲ್‌ಗೆ ಕೇಬಲ್ ಒಳಬರುವ ರಂಧ್ರ) ಮೂಲಕ ಹೊರಗೆ ತನ್ನಿ. ಬಾಗಿಲು ಮುಚ್ಚಿ, ಬೀಗ ತೆಗೆದು, ಯಂತ್ರ ಓಡಿಸಿ, ಹೊರಗೆ ಕೂತು ಅಳೆಯಿರಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಆ ಅರ್ಧ ಗಂಟೆಯನ್ನು ಫೋರ್‌ಮನ್ ಬಳಿ ಹಟ ಹಿಡಿದಾದರೂ ಪಡೆಯಿರಿ.

ಮೀಟರನ್ನು ಮಿನ್-ಮ್ಯಾಕ್ಸ್ ವಿಧಾನಕ್ಕೆ ಹಾಕಿ. ಸುಮ್ಮನೆ ಕಣ್ಣಲ್ಲಿ ನೋಡಿದರೆ ಕ್ಷಣದ ಕುಸಿತ ತಪ್ಪಿಹೋಗುತ್ತದೆ. ತೀರಾ ಚಿಕ್ಕ, ಕೆಲವೇ ಮಿಲಿಸೆಕೆಂಡಿನ ಕುಸಿತಕ್ಕೆ ಮೀಟರ್ ಸಾಲದು, ಆಸಿಲೊಸ್ಕೋಪ್ ಬೇಕಾಗುತ್ತದೆ. ನಮಗೆ ಸಿಕ್ಕ ಅಂಕಿಗಳು ಹೀಗಿದ್ದವು: ಎಸ್‌ಎಂಪಿಎಸ್ ಬಳಿ 24.1 ವೋಲ್ಟ್, ವಾಲ್ವ್‌ಗಳು ಮುಚ್ಚಿದ್ದಾಗ ಪಿಸಿ ಬಳಿ 21.2, ಐದು ವಾಲ್ವ್ ಒಟ್ಟಿಗೆ ತೆರೆದಾಗ 18.6. ಪಿಸಿಯ ಹಿಂಬದಿಯ ಚೀಟಿಯಲ್ಲಿ ಬರೆದಿದ್ದ ಮಿತಿ 19.2ರಿಂದ 28.8 ವೋಲ್ಟ್, ಅಂದರೆ 24ಕ್ಕೆ ಶೇಕಡಾ 20 ಹೆಚ್ಚು ಕಡಿಮೆ. ಕೆಲವು ಪಿಸಿಗಳು 9ರಿಂದ 36 ವೋಲ್ಟ್‌ವರೆಗೂ ತಡೆದುಕೊಳ್ಳುತ್ತವೆ. ಆದ್ದರಿಂದ ನಿಮ್ಮದರ ಚೀಟಿ ಓದಿ, ಪಕ್ಕದ ಯಂತ್ರದ ನೆನಪಿನಿಂದ ಹೇಳಬೇಡಿ.

ಎಲ್ಲಿ ಹೋಯಿತು ಉಳಿದ ವೋಲ್ಟೇಜ್? ತಂತಿಯಲ್ಲಿ. ಎಸ್‌ಎಂಪಿಎಸ್ ಇದ್ದದ್ದು 35 ಮೀಟರ್ ದೂರದ ಎಂಸಿಸಿ (ಮೋಟಾರ್ ನಿಯಂತ್ರಣ) ಕೋಣೆಯಲ್ಲಿ. ಎಳೆದಿದ್ದ ತಂತಿ 1 ಚದರ ಮಿ.ಮೀ. ಹೋಗುವ ತಂತಿ, ಬರುವ ತಂತಿ ಸೇರಿ 70 ಮೀಟರ್. ಇಂಥ ಮೆತು ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ 19.5 ಓಂ, 70 ಮೀಟರಿಗೆ ಹೆಚ್ಚುಕಡಿಮೆ 1.37 ಓಂ. ಪಿಸಿ ಎಳೆಯುತ್ತಿದ್ದುದು 45 ವ್ಯಾಟ್. 2.1 ಆಂಪಿಯರ್ ಹರಿದಾಗ 2.9 ವೋಲ್ಟ್ ತಂತಿಯಲ್ಲೇ ಕರಗುತ್ತದೆ. ವಿದ್ಯುತ್ ಕಾಯಿಲ್‌ನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್‌ಗಳಿಗೂ ಅದೇ ತಂತಿಯಿಂದ ಕೊಟ್ಟಿದ್ದರು. ಐದು ವಾಲ್ವ್ ಸೇರಿದಾಗ ಒಟ್ಟು ಕರೆಂಟ್ 4 ಆಂಪಿಯರ್ ಮುಟ್ಟುತ್ತದೆ, ನಷ್ಟ ಐದೂವರೆ ವೋಲ್ಟ್.

ಇಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬಲ್ಬಿಗೆ ವೋಲ್ಟೇಜ್ ಇಳಿದರೆ ಅದು ಮಂಕಾಗಿ ಕರೆಂಟನ್ನೂ ಕಡಿಮೆ ಎಳೆಯುತ್ತದೆ. ಪ್ಯಾನೆಲ್ ಪಿಸಿ ಹಾಗಲ್ಲ. ಒಳಗಿನ ಡಿಸಿ-ಡಿಸಿ ಕನ್ವರ್ಟರಿಗೆ ಇಷ್ಟು ವ್ಯಾಟ್ ಬೇಕೇ ಬೇಕು. ವೋಲ್ಟೇಜ್ ಇಳಿದಷ್ಟೂ ಅದು ಕರೆಂಟ್ ಹೆಚ್ಚು ಎಳೆಯುತ್ತದೆ, ಕರೆಂಟ್ ಹೆಚ್ಚಿದಷ್ಟೂ ತಂತಿಯಲ್ಲಿ ನಷ್ಟ ಹೆಚ್ಚುತ್ತದೆ, ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಕೆಸರಿನಲ್ಲಿ ಕಾಲು ಸಿಕ್ಕಿಕೊಂಡವನು ಒದ್ದಾಡಿದಷ್ಟೂ ಹೂತುಹೋದ ಹಾಗೆ. ತೆಳು ತಂತಿ, ಉದ್ದ ದಾರಿ, ಹಂಚಿಕೊಂಡ ಲೋಡ್ ಮೂರೂ ಸೇರಿದಲ್ಲಿ ಪಿಸಿ ಉಳಿಯುವುದಿಲ್ಲ.

ಮಾಡಿದ ರಿಪೇರಿ ಇಷ್ಟೇ: ಪಿಸಿಗೆ ಮಾತ್ರ ಪ್ರತ್ಯೇಕವಾಗಿ 2.5 ಚದರ ಮಿ.ಮೀ. ಕೇಬಲ್, ಅದಕ್ಕೆ ತನ್ನದೇ ಫ್ಯೂಸ್. ವಾಲ್ವ್‌ಗಳು ಹಳೆಯ ತಂತಿಯಲ್ಲೇ ಉಳಿದವು, ಅವುಗಳ ಕಾಯಿಲ್‌ಗಳಿಗೆ ಫ್ರೀವೀಲಿಂಗ್ ಡಯೋಡ್ ಹಾಕಿದೆವು. ಕಾಯಿಲ್ ಆಫ್ ಆದಾಗ ಹಿಂದಕ್ಕೆ ಒದೆಯುವ ವೋಲ್ಟೇಜ್ ಡಯೋಡಿನಲ್ಲೇ ತಣಿಯಲಿ ಎಂದು. ಮತ್ತೆ ಅಳೆದಾಗ ಪಿಸಿ ಬಳಿ 23 ವೋಲ್ಟ್, ವಾಲ್ವ್ ತೆರೆದರೂ ಮುಚ್ಚಿದರೂ ಅಷ್ಟೇ. ತೆಗೆದುಹಾಕಿದ್ದ ಹಳೆಯ ಪಿಸಿಯನ್ನೇ ವಾಪಸ್ ಕೂರಿಸಿದೆವು. ಅದಕ್ಕೆ ಏನೂ ಆಗಿರಲಿಲ್ಲ.

ತಂತಿ ಸರಿಯಿದ್ದೂ ವೋಲ್ಟೇಜ್ ಕುಸಿಯುತ್ತಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಬಿಸಿಗೆ ಬೇಗ ಮುದಿಯಾಗುತ್ತವೆ. ತಾಪ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಕೆಲಸದವರ ಲೆಕ್ಕ. ಟರ್ಮಿನಲ್ ಸ್ಕ್ರೂ ಸಡಿಲವಾಗಿರುವುದು, ಫೆರೂಲ್ (ತಂತಿಯ ತುದಿಗೆ ಹಾಕುವ ಲೋಹದ ಕೊಳವೆ) ಇಲ್ಲದ ಎಳೆಗಳು ಹರಿದಿರುವುದು ಕೂಡ ಇದೇ ಲಕ್ಷಣ ತೋರಿಸುತ್ತವೆ.

ಮುಟ್ಟದಿದ್ದರೂ ಒತ್ತಿಕೊಳ್ಳುವ ಪರದೆ

ಯಾರೂ ಮುಟ್ಟದಿದ್ದರೂ ಬಟನ್‌ಗಳು ಒತ್ತಿಕೊಳ್ಳುವುದು ರೀಸ್ಟಾರ್ಟ್‌ಗಿಂತ ಅಪಾಯಕಾರಿ. ಇದು ಕಂಡ ಕೂಡಲೇ ಯಂತ್ರವನ್ನು ಸುರಕ್ಷಿತ ಸ್ಥಿತಿಗೆ ತಂದು ನಿಲ್ಲಿಸಿ, ಆಮೇಲೆ ಕಾರಣ ಹುಡುಕಿ.

ಗಾಜಿನ ಕೆಪಾಸಿಟಿವ್ ಟಚ್ ಆಗಿದ್ದರೆ ಮೊದಲು ಪರದೆ ಒರೆಸಿ. ನೀರ ಹನಿ, ಪಾಕದ ಅಂಟು ಸಾಕು ಅದಕ್ಕೆ ಬೆರಳು ಎನಿಸಲು. ಒರೆಸಿದರೂ ನಿಲ್ಲದೆ, ಡ್ರೈವ್ ಓಡುವಾಗ ಮಾತ್ರ ಬಂದು ನಿಂತಾಗ ಹೋದರೆ ಅದು ಸಾಮಾನ್ಯವಾಗಿ ಅರ್ತಿಂಗ್ ದೋಷ. ಪಿಸಿ ಕೂತಿರುವುದು ಬಾಗಿಲಲ್ಲಿ, ಬಾಗಿಲು ನಿಂತಿರುವುದು ಕೀಲಿನ ಮೇಲೆ. ಕೀಲಿನ ನಡುವೆ ಬಣ್ಣ, ಗ್ರೀಸ್, ತುಕ್ಕು ಇರುತ್ತವೆ, ಅದು ಅರ್ತ್ ದಾರಿಯಲ್ಲ. ಬಾಗಿಲಿಂದ ಪ್ಯಾನೆಲ್ ಚೌಕಟ್ಟಿಗೆ ಹೆಣೆದ ತಾಮ್ರದ ಪಟ್ಟಿ ಹಾಕಬೇಕು, ಅಗಲವಾಗಿ, ಗಿಡ್ಡವಾಗಿ. ಡ್ರೈವಿನ ಗದ್ದಲ ಹೆಚ್ಚು ಆವರ್ತನದ್ದು, ಉದ್ದನೆಯ ದುಂಡು ತಂತಿಯಲ್ಲಿ ಅದು ಸುಲಭವಾಗಿ ಹರಿಯುವುದಿಲ್ಲ. ಪಟ್ಟಿ ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ, ಹಲ್ಲಿನ ವಾಷರ್ ಹಾಕಿ ಬಿಗಿಮಾಡಿ. ಪಿಸಿಯ ಅರ್ತ್ ಸ್ಟಡ್‌ನಿಂದಲೂ ಇದೇ ರೀತಿ ಗಿಡ್ಡ ದಾರಿ. ನಮ್ಮಲ್ಲಿ ಅರ್ತಿಂಗ್‌ಗೆ ಐಎಸ್ 3043 ಮಾನದಂಡವಿದೆ, ಪ್ಯಾನೆಲ್‌ಗೆ ಬರುವ ಮುಖ್ಯ ಅರ್ತ್ ಅದರಂತೆ ಇದೆಯೇ ಎಂದು ವರ್ಷಕ್ಕೊಮ್ಮೆ ಅಳೆಸಿ. 24 ವೋಲ್ಟಿನ ಸೊನ್ನೆ ತಂತಿಯನ್ನು ಅರ್ತಿಗೆ ಸೇರಿಸುವುದು ಒಂದೇ ಕಡೆ. ಎರಡು ಮೂರು ಕಡೆ ಸೇರಿಸಿದರೆ ನೆಲದ ಕರೆಂಟ್ ನಿಮ್ಮ ಸಿಗ್ನಲ್ ಕೇಬಲ್‌ನಲ್ಲಿ ಹರಿಯಲು ದಾರಿಯಾಗುತ್ತದೆ.

ಒತ್ತಿದರೆ ಬಗ್ಗುವ ರೆಸಿಸ್ಟಿವ್ ಟಚ್ ಆಗಿದ್ದರೆ ಕಥೆ ಬೇರೆ. ಅದು ಗ್ಲೌಸ್ ಹಾಕಿಕೊಂಡೂ ಕೆಲಸ ಮಾಡುತ್ತದೆ, ಒದ್ದೆಗೂ ಹೆದರುವುದಿಲ್ಲ, ಆದರೆ ವರ್ಷಗಳಲ್ಲಿ ಸರಿದು ಒತ್ತಿದ ಜಾಗ ಒಂದು, ಕೆಲಸ ಮಾಡುವ ಜಾಗ ಇನ್ನೊಂದು ಆಗುತ್ತದೆ. ಕ್ಯಾಲಿಬ್ರೇಷನ್ ಮಾಡಿ. ಹೊಸದಾಗಿ ಕೂರಿಸಿದ ಪಿಸಿಯಲ್ಲೇ ಅಂಚಿನ ಬಟನ್ ತಾನಾಗಿ ಒತ್ತಿಕೊಂಡರೆ ಹಿಂದಿನ ಕ್ಲಾಂಪ್ ಅತಿಯಾಗಿ ಬಿಗಿದಿದ್ದಾರೆ ಎಂದರ್ಥ.

ಬಿಸಿ, ದೂಳು

ಹೆಚ್ಚಿನ ಪ್ಯಾನೆಲ್ ಪಿಸಿಗಳಿಗೆ ಫ್ಯಾನ್ ಇರುವುದಿಲ್ಲ, ಬೆನ್ನಿನ ಅಲ್ಯೂಮಿನಿಯಂ ರೆಕ್ಕೆಗಳೇ ಬಿಸಿ ಹೊರಹಾಕಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಬಗಾಸ್ (ಕಬ್ಬಿನ ಸಿಪ್ಪೆ) ದೂಳು, ಅಕ್ಕಿ ಗಿರಣಿಯಲ್ಲಿ ತೌಡು ಆ ರೆಕ್ಕೆಗಳಿಗೆ ಕಂಬಳಿ ಹೊದಿಸುತ್ತವೆ. ಮಧ್ಯಾಹ್ನ ಮಾತ್ರ ನಿಧಾನವಾಗುವ, ರಾತ್ರಿ ಚುರುಕಾಗುವ ಪಿಸಿ ಕಂಡರೆ ಇಲ್ಲಿಂದ ಶುರುಮಾಡಿ. ಚೀಟಿಯಲ್ಲಿ ಬರೆದಿರುವ 50 ಡಿಗ್ರಿ ಎಂಬುದು ಪಿಸಿಯ ಬೆನ್ನ ಹಿಂದಿನ ಗಾಳಿಯ ತಾಪ, ಕೋಣೆಯದ್ದಲ್ಲ. ಮುಚ್ಚಿದ ಪ್ಯಾನೆಲ್ ಒಳಗೆ ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ನೋಡಿ. ದೂಳನ್ನು ಮೆತ್ತನೆಯ ಬ್ರಷ್ ಮತ್ತು ವ್ಯಾಕ್ಯೂಮಿನಿಂದ ತೆಗೆಯಿರಿ. ಕಂಪ್ರೆಸರ್ ಗಾಳಿ ಊದುವ ಅಭ್ಯಾಸ ಬಿಡಿ, ಅದು ನೀರು ಎಣ್ಣೆ ಬೆರೆತ ದೂಳನ್ನು ಕಾಂಟ್ಯಾಕ್ಟರ್ ಒಳಕ್ಕೆ ತಳ್ಳುತ್ತದೆ.

ತಾರೀಖು ಹಿಂದಕ್ಕೆ ಓಡಿದರೆ

ಪಿಸಿ ಆನ್ ಮಾಡಿದಾಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ 3 ವೋಲ್ಟ್ ಲಿಥಿಯಂ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್2032, ಕೆಲವದರಲ್ಲಿ ತಂತಿ ಬೆಸೆದ ಬಗೆ ಇರುತ್ತದೆ. ಇದು ಚಿಕ್ಕ ದೋಷದಂತೆ ಕಂಡರೂ ಬಾಲ ಉದ್ದ. ಪಿಸಿಯನ್ನು ಎಬ್ಬಿಸುವ ಬಯೋಸ್ ಮೂಲ ಸ್ಥಿತಿಗೆ ಮರಳಿ ಬೂಟ್ ಕ್ರಮ ಬದಲಾಗುತ್ತದೆ, ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ, ಡಿಸ್ಕ್ ಸತ್ತಿದೆ ಎಂದು ಜನ ಬಿಸಾಡುತ್ತಾರೆ. ಪಿಎಲ್‌ಸಿ ಜೊತೆ ಮಾತಾಡಲು ಪಿಸಿ ಒಪಿಸಿ ಯುಎ ವಿಧಾನ ಬಳಸುವಲ್ಲಿ ತಾರೀಖು ತಪ್ಪಿದರೆ ಸರ್ಟಿಫಿಕೇಟ್ ಅವಧಿ ಹೊಂದದೆ ಪಿಎಲ್‌ಸಿ ಸಂಪರ್ಕವೇ ನಿರಾಕರಣೆಯಾಗುತ್ತದೆ. ಬ್ಯಾಟರಿ ತೆಗೆಯುವ ಮೊದಲು ಬಯೋಸಿನ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಧ್ರುವ ತಪ್ಪಬಾರದು, ಹಳೆಯದನ್ನು ಬೆಂಕಿಗೆ ಹಾಕಬಾರದು.

ಡಿಸ್ಕ್ ವಿಷಯದಲ್ಲಿ ಒಂದೇ ಮಾತು. ಹಠಾತ್ ಕರೆಂಟ್ ಹೋಗುವ ಕಡೆ ವಿಂಡೋಸ್ ಐಒಟಿ ಎಂಟರ್‌ಪ್ರೈಸ್‌ನ ಯೂನಿಫೈಡ್ ರೈಟ್ ಫಿಲ್ಟರ್ ಆನ್ ಇಡಿ, ಬರಹಗಳು ಡಿಸ್ಕಿಗೆ ಹೋಗದೆ ತಾತ್ಕಾಲಿಕ ಪದರದಲ್ಲಿ ಉಳಿಯುತ್ತವೆ. ಆದರೆ ಅದು ಆನ್ ಇರುವಾಗ ನೀವು ಮಾಡಿದ ಸೆಟ್ಟಿಂಗ್ ರೀಸ್ಟಾರ್ಟ್ ಆದೊಡನೆ ಮಾಯವಾಗುತ್ತದೆ. "ಐಪಿ ಬದಲಿಸಿದ್ದೆ, ಮತ್ತೆ ಹಳೆಯದೇ ಬಂತು" ಎಂಬ ದೂರು ಬಂದರೆ ಫಿಲ್ಟರ್ ನೋಡಿ.

ಪಿಎಲ್‌ಸಿ ಜೊತೆ ಸಂಪರ್ಕ ತಪ್ಪುವ ದೋಷಗಳಲ್ಲಿ ಹಲವಕ್ಕೆ ಕಾರಣ ಕೇಬಲ್ ಹಾಸಿದ ರೀತಿ. ಈಥರ್ನೆಟ್ ಮತ್ತು ಮೋಟಾರ್ ಕೇಬಲ್ ಒಂದೇ ಟ್ರೇನಲ್ಲಿ ಅಂಟಿಕೊಂಡು ಹೋಗಬಾರದು, ಕನಿಷ್ಠ 20 ಸೆಂ.ಮೀ. ಅಂತರ ಇರಲಿ, ದಾಟಲೇಬೇಕಾದಲ್ಲಿ ಅಡ್ಡಡ್ಡವಾಗಿ ದಾಟಲಿ. ಆರ್‌ಎಸ್-485 ಎಂಬ ಬಗೆಯ ಸಂಪರ್ಕ ಇದ್ದರೆ ಎಲ್ಲವನ್ನೂ ಆಫ್ ಮಾಡಿ ಎ ಮತ್ತು ಬಿ ತಂತಿಗಳ ನಡುವೆ ಓಂ ಅಳೆಯಿರಿ. ಎರಡೂ ತುದಿಯಲ್ಲಿ ಹಾಕಬೇಕಾದ 120 ಓಂ ರೋಧ ಇದ್ದರೆ 60ರ ಆಸುಪಾಸು ಬರುತ್ತದೆ. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ, 40 ಬಂದರೆ ಯಾರೋ ನಡುವೆ ಮೂರನೆಯದನ್ನು ಹಾಕಿದ್ದಾರೆ.

ಬಿಚ್ಚುವುದು, ಕೂರಿಸುವುದು

ಬಿಚ್ಚುವ ಮೊದಲು ಡಿಸ್ಕಿನ ಪೂರ್ತಿ ಇಮೇಜ್ ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ, ಐಪಿ ವಿಳಾಸ ಬರೆದುಕೊಳ್ಳಿ, ಲೈಸೆನ್ಸ್ ಡಾಂಗಲ್ ಯಾವ ಯುಎಸ್‌ಬಿಯಲ್ಲಿದೆ ನೋಡಿ, ಕೇಬಲ್‌ಗಳಿಗೆ ಚೀಟಿ ಅಂಟಿಸಿ. ವಿಂಡೋಸನ್ನು ಕ್ರಮವಾಗಿ ಶಟ್‌ಡೌನ್ ಮಾಡಿದ ಮೇಲಷ್ಟೇ ಸಪ್ಲೈ ತೆಗೆಯಿರಿ. ಒಳಗಿನ ಬೋರ್ಡ್ ಮುಟ್ಟುವಾಗ 1 ಮೆಗಾಓಂ ರೋಧವಿರುವ ಮಣಿಕಟ್ಟಿನ ಪಟ್ಟಿ ಕಟ್ಟಿ, ಅದರ ಇನ್ನೊಂದು ತುದಿ ಪಿಸಿಯ ಲೋಹದ ಮೈಗೆ. ಕರೆಂಟ್ ಇರುವ ಪ್ಯಾನೆಲ್ ಮುಂದೆ ಆ ಪಟ್ಟಿ ಕಟ್ಟಿಕೊಂಡು ನಿಲ್ಲಬೇಡಿ. ರ‍್ಯಾಮ್ ಅಥವಾ ಡಿಸ್ಕ್ ಬದಲಿಸುವುದನ್ನು ಟೇಬಲ್ ಮೇಲೆ ಮಾಡಿ, ಬಾಗಿಲಲ್ಲಿ ತೂಗಾಡುತ್ತಿರುವಾಗ ಅಲ್ಲ.

ಕೂರಿಸುವಾಗ ಇಬ್ಬರು ಬೇಕು. ಒಬ್ಬರು ಮುಂದಿನಿಂದ ಹಿಡಿದಿರಬೇಕು, ಇನ್ನೊಬ್ಬರು ಹಿಂದಿನಿಂದ ಕ್ಲಾಂಪ್ ಹಾಕಬೇಕು. ಒಂಟಿಯಾಗಿ ಮಾಡಲು ಹೋಗಿ ಜಾರಿದ ಪಿಸಿಯ ಗಾಜು ಒಡೆದದ್ದನ್ನು ಕಂಡಿದ್ದೇನೆ. ಗ್ಯಾಸ್ಕೆಟ್ ತಿರುಚಿಲ್ಲ, ಅದರಡಿ ಲೋಹದ ಚೂರಿಲ್ಲ ಎಂದು ಬೆರಳಾಡಿಸಿ ನೋಡಿ. ಪಿಸಿ ಕೂರುವ ಕಿಂಡಿಯನ್ನು (ಕಟೌಟ್) ಬಾಗಿಲಲ್ಲಿ ಕೊರೆಯುವಾಗ ಬಿದ್ದ ಲೋಹದ ಪುಡಿ ಕೆಳಗಿನ ಪಿಎಲ್‌ಸಿ ಮೇಲೆ ಉದುರದಂತೆ ಬಟ್ಟೆ ಕಟ್ಟಿರಬೇಕು. ಕ್ಲಾಂಪ್‌ಗಳನ್ನು ಕಾರಿನ ಚಕ್ರದ ನಟ್ಟಿನಂತೆ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ ಬನ್ನಿ, ಕೈಪಿಡಿಯಲ್ಲಿ ಹೇಳಿದ ಟಾರ್ಕ್ ಮೀರಬೇಡಿ. ದೂಳು, ನೀರು ತಡೆಯುವ ದರ್ಜೆ ಐಪಿ65 ಎಂದು ಬರೆದಿದ್ದರೆ ಅದು ಮುಂಬದಿಗೆ ಮಾತ್ರ, ಅದೂ ಗ್ಯಾಸ್ಕೆಟ್ ಸರಿಯಾಗಿ ಕೂತಾಗ. ಹಿಂಬದಿ ಸಾಮಾನ್ಯವಾಗಿ ಐಪಿ20, ಒಂದು ಹನಿ ನೀರನ್ನೂ ತಡೆಯದು. ಸುತ್ತ ಕೈಪಿಡಿ ಹೇಳಿದಷ್ಟು ಗಾಳಿಯ ಜಾಗ ಬಿಡಿ. ಎಸಿ ಕೋಣೆಯಿಂದ ತಂದ ಪಿಸಿಯನ್ನು ಬಿಸಿಯ, ಹಬೆಯ ಜಾಗದಲ್ಲಿ ಕೂಡಲೇ ಆನ್ ಮಾಡಬೇಡಿ, ಒಳಗೆ ಬೆವರಿರುತ್ತದೆ. ಕೆಲವು ಗಂಟೆ ಬಿಡಿ.

ಬೀಗ ತೆಗೆಯುವ ಮುನ್ನ ಉಪಕರಣಗಳನ್ನು ಎಣಿಸಿ, ಟೆಸ್ಟ್ ತಂತಿಗಳನ್ನು ತೆಗೆಯಿರಿ, ಬಾಗಿಲಿನ ತಾಮ್ರದ ಪಟ್ಟಿ ಮತ್ತೆ ಹಾಕಿದ್ದೀರಾ ನೋಡಿ. ಆನ್ ಆದ ಮೇಲೆ ತುರ್ತು ನಿಲುಗಡೆ ಬಟನ್ ಒತ್ತಿ ಪರೀಕ್ಷಿಸಿ, ಪರದೆಯ ನಾಲ್ಕೂ ಮೂಲೆ ಒತ್ತಿ ನೋಡಿ, ಒಂದು ಪೂರ್ತಿ ಸೈಕಲ್ ಆಪರೇಟರ್ ಜೊತೆ ನಿಂತು ನೋಡಿ. ಎಸ್‌ಎಂಪಿಎಸ್ ಬಳಿಯ ವೋಲ್ಟೇಜ್, ಲೋಡ್‌ನಲ್ಲಿ ಪಿಸಿ ಬಳಿಯ ಕನಿಷ್ಠ ವೋಲ್ಟೇಜ್, ಮಧ್ಯಾಹ್ನದ ಒಳತಾಪ, ಬ್ಯಾಟರಿ ಬದಲಿಸಿದ ತಾರೀಖು, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಒಳಬದಿಗೆ ಅಂಟಿಸಿ, ಮುಂದಿನ ಹಂಗಾಮಿಗೆ ಮೊದಲು ಅಳೆಯುವವರಿಗಾಗಿ ಪಕ್ಕದಲ್ಲಿ ಒಂದು ಕಾಲಂ ಖಾಲಿ ಬಿಡಿ.